ತುಪ್ಪ ಹೋದ ದಾರಿ

ಮಠದ ದಾಸೋಹದಲ್ಲಿ ಬಡಿಸುವ ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ: “ಬಡಿಸುವಾಗ ನನಗೆ ಸಿಟ್ಟು ಬರುತ್ತದೆ, ಬೈದುಬಿಡುತ್ತೇನೆ. ನಿನ್ನೆ ಮತ್ತೆ ಅನ್ನ ಕೇಳಿದಳೆಂದು ಒಬ್ಬ ಮುದುಕಿಯನ್ನೂ ಬೈದೆ. ಆದರೆ ಸಂಜೆ ಜಪಕ್ಕೆ ಕುಳಿತರೆ ಮನಸ್ಸು ಹಗುರಾಗುತ್ತದೆ. ಬೈದ ದೋಷ ಅಲ್ಲಿಗೆ ಕಳೆಯಿತಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ತುಪ್ಪವೆಂದರೆ ಪ್ರಾಣ. ಅವನ ತಂದೆ ಎದೆನೋವಿನಿಂದ ತೀರಿಕೊಂಡಿದ್ದರು. ಅವನ ರಕ್ತದಲ್ಲೂ ಕೊಬ್ಬು ಹೆಚ್ಚಿತ್ತು. ತುಪ್ಪ ಬಿಡಿ ಎಂದು ಡಾಕ್ಟರು ಹೇಳಿದ್ದರು. ಅವನು ಬಿಡಲಿಲ್ಲ. ತಿಂದು ಹೊಟ್ಟೆ ಭಾರವಾಗಿ ನರಳುತ್ತಿದ್ದ, ಮರುದಿನ ಮತ್ತೆ ತಿನ್ನುತ್ತಿದ್ದ.

ಅವನ ಮೈದುನ ಕಡ್ಡಿಯಂತೆ ಒಣಗಿದವನು. ಮೇದೋಜೀರಕ ಗ್ರಂಥಿ ಕೆಟ್ಟು, ತಿಂದ ಜಿಡ್ಡು ಅರಗದೆ ಹಾಗೇ ಹೊರಗೆ ಹೋಗುತ್ತಿತ್ತು. ಅದೇ ಡಾಕ್ಟರು ಅವನಿಗೆ ಊಟದ ಜೊತೆ ನುಂಗಲು, ಜಿಡ್ಡು ಅರಗಿಸುವ ಕಿಣ್ವದ ಮಾತ್ರೆ ಕೊಟ್ಟರು. ಆಮೇಲೆ ಅವನು ಹೋಳಿಗೆಗೆ ತುಪ್ಪ ಸುರಿದುಕೊಂಡು ಉಂಡು, ಆರಾಮಾಗಿ ಎದ್ದು ಹೋಗತೊಡಗಿದ. ವ್ಯಾಪಾರಿಯ ಕಣ್ಣು ಅರಳಿತು. ತುಪ್ಪವನ್ನು ಸುಟ್ಟು ಬೂದಿ ಮಾಡುವ ಮಾತ್ರೆ ಇದು ಎಂದುಕೊಂಡು, ಯಾರನ್ನೂ ಕೇಳದೆ ಅಂಗಡಿಯಿಂದ ತಂದು ತಾನೂ ನುಂಗಿದ. ಹೊಟ್ಟೆ ಹಗುರಾಯಿತು. ಹಗುರಾದ ಹೊಟ್ಟೆಗೆ ಎರಡರಷ್ಟು ತುಪ್ಪ ಇಳಿಯಿತು. ಡಾಕ್ಟರನ್ನೇ ಗೆದ್ದೆನೆಂದು ಮಹಾಶಯ ಬಂಧುಗಳ ಮುಂದೆ ಮೀಸೆ ತಿರುವಿದ.

ಹೆಂಡತಿಗೆ ನಂಬಿಕೆ ಬರಲಿಲ್ಲ. ಕಾಡಿ ಬೇಡಿ ರಕ್ತಪರೀಕ್ಷೆಗೆ ಕರೆದೊಯ್ದಳು. ತೆಗೆದ ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಟ್ಟರು. ಸ್ವಲ್ಪ ಹೊತ್ತಿಗೆ ಕೆಂಪು ತಳಕ್ಕೆ ಇಳಿದು, ಮೇಲೆ ಹಾಲಿನಂಥ ಬಿಳಿ ನಿಂತಿತು. ವ್ಯಾಪಾರಿ ಬೆಚ್ಚಿಬಿದ್ದ. ಅದು ತನ್ನದೇ ರಕ್ತವೆಂದು ನಂಬಲು ಅವನಿಂದ ಆಗಲಿಲ್ಲ.

“ಹೊಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ ಡಾಕ್ಟರೇ. ಎಲ್ಲ ಅರಗಿ ಹೋಗುತ್ತಿತ್ತಲ್ಲ?” ಎಂದ.

“ಅರಗಿದ್ದು ಎಲ್ಲಿಗೆ ಹೋಗುತ್ತದೆ ಸಾಹುಕಾರರೇ? ಆ ಮಾತ್ರೆ ತುಪ್ಪವನ್ನು ಸುಡುವುದಿಲ್ಲ, ರಕ್ತಕ್ಕೆ ಸೇರುವಂತೆ ಮಾಡುತ್ತದೆ. ನಿಮ್ಮ ಮೈದುನನ ಮೈ ತುಂಬಲಿ ಎಂದೇ ನಾನು ಅದನ್ನು ಕೊಟ್ಟದ್ದು,” ಎಂದರು ಡಾಕ್ಟರು.

ವ್ಯಾಪಾರಿಗೆ ತಂದೆಯ ನೆನಪಾಯಿತು. ಗೋಡೆ ಹಿಡಿದು ಕುಳಿತುಬಿಟ್ಟ.

ಕತೆ ಕೇಳಿ ಚನ್ನವೀರನಿಗೆ ನಗು ತಡೆಯಲಾಗಲಿಲ್ಲ. ಎಂಥ ದಡ್ಡ ಎಂದ.

ಗುರುಗಳು ನಗಲಿಲ್ಲ. “ನಿನ್ನ ಮನಸ್ಸಿನಿಂದ ಇಳಿದದ್ದು ಎಲ್ಲಿ ಸೇರಿದೆ ಎಂದು, ಇವತ್ತು ಊಟಕ್ಕೆ ಬಾರದ ಆ ಮುದುಕಿಯನ್ನು ಕೇಳಿ ಬಾ,” ಎಂದರು.