ಬಿಳಿಹೊಳೆಯ ಬಣ್ಣವೂ ಅರಸರ ಸೊಂಟವೂ

ಮಲ್ಲಭೂಪನೆಂಬ ಅರಸನಿಗೆ ಕುಸ್ತಿಯೆಂದರೆ ಪ್ರಾಣ. ಅವನು ಅಖಾಡಕ್ಕಿಳಿದು ಎಷ್ಟೋ ಕಾಲವಾಗಿತ್ತು. ಈಗಂತೂ ಅವನ ಹೊಟ್ಟೆ ಅವನಿಗಿಂತ ಒಂದು ಗಳಿಗೆ ಮೊದಲೇ ಸಭೆಗೆ ಬರುತ್ತಿತ್ತು. ಆದರೂ ಪೈಲ್ವಾನರ ಉಡುಪು ಹೊಲಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಕಾರ್ಖಾನೆಯ ಕೆಂಪು ಚಲ್ಲಣ ತೊಡದ ಜಟ್ಟಿ ಸುತ್ತಲ ಸೀಮೆಯಲ್ಲಿ ಸಿಗುತ್ತಿರಲಿಲ್ಲ.

ಕಾರ್ಖಾನೆಯ ಬಣ್ಣದ ಮನೆಯಲ್ಲಿ ಆ ಕೆಂಪು ತೊಳೆದ ನೀರೆಲ್ಲ ಬಿಳಿಹೊಳೆಗೆ ಬೀಳುತ್ತಿತ್ತು. ಒಂದು ದಿನ ಹೊಳೆಯ ಕೆಳಗಿನ ರಾಜ್ಯದಿಂದ ದೂತ ಬಂದ.

"ಪ್ರಭು, ನಮ್ಮ ಅರಸರ ಬಿಳಿ ಕುದುರೆ ಹೊಳೆ ದಾಟಿದರೆ ಮೊಣಕಾಲತನಕ ಕೆಂಪಾಗುತ್ತಿದೆ. ಮದುಮಗ ಒಗೆದ ಪಂಚೆ ಉಟ್ಟು ಹಸೆಗೆ ಬಂದರೆ, ಹೆಣ್ಣಿನ ಕಡೆಯವರು ಎಲ್ಲಿ ಪೆಟ್ಟಾಯಿತು ಎಂದು ಕೇಳುತ್ತಾರೆ. ಹೀಗೇ ನಡೆದರೆ ಬರುವ ದಸರೆಯಿಂದ ನಿಮ್ಮ ಚಲ್ಲಣ ತೊಟ್ಟವರನ್ನು ನಮ್ಮ ಅಖಾಡಕ್ಕೆ ಬಿಡುವುದಿಲ್ಲ."

ಅರಸ ಮೀಸೆ ತಿರುವಿದ. "ಇಷ್ಟೇ ತಾನೆ? ದಸರೆಯ ಹೊತ್ತಿಗೆ ಹೊಳೆ ತಿಳಿಯಾಗಿರುತ್ತದೆ. ಬಣ್ಣದ ಮನೆಯ ಕೆಳಗಿನ ನೀರನ್ನೇ ಒಂದು ತಂಬಿಗೆ ನಿನ್ನೆದುರು ಕುಡಿದು ತೋರಿಸುತ್ತೇನೆ."

ಇದನ್ನು ಕೇಳಿ ವಿದೂಷಕ ಮರುಳಯ್ಯ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಅವನು ದಿನಾ ಮೀಯುತ್ತಿದ್ದುದು ಅದೇ ನೀರಿನಲ್ಲಿ. ಅವನ ನರೆತ ಮೀಸೆ ಆಗಲೇ ದಾಸವಾಳದ ಬಣ್ಣಕ್ಕೆ ತಿರುಗಿತ್ತು.

ಹೊಳೆ ತಿಳಿಮಾಡುವ ಹೊಣೆ ಕಾರ್ಖಾನೆಯ ಪಾರುಪತ್ತೇಗಾರ ಅಡಿವೆಪ್ಪನ ಪಾಲಿಗೆ ಬಂತು. ಪ್ರತಿ ಅಮಾವಾಸ್ಯೆಗೆ ಹೊಳೆಯಲ್ಲಿ ಅದ್ದಿದ ಬಿಳಿ ಬಟ್ಟೆಯೊಂದನ್ನು ಅವನು ಸಭೆಗೆ ತಂದು ತೋರಿಸಬೇಕು. ಮೊದಲ ಬಟ್ಟೆ ಕುಂಕುಮದಂತಿತ್ತು. ಮುಂದಿನದು ಗುಲಾಬಿ. ಅದರ ಮುಂದಿನದು ಮಲ್ಲಿಗೆ. ಅರಸನಿಗೆ ಹಿಗ್ಗೋ ಹಿಗ್ಗು. ಅಡಿವೆಪ್ಪನಿಗೆ ತಿಂಗಳಿಗೊಂದು ಶಾಲು.

ಮರುಳಯ್ಯನ ಮೀಸೆ ಮಾತ್ರ ದಿನೇ ದಿನೇ ಕೆಂಪೇರುತ್ತಿತ್ತು. ಇದೇನು ಸೋಜಿಗವೆಂದು ಅವನು ಒಂದು ಅಮಾವಾಸ್ಯೆ ಅಡಿವೆಪ್ಪನ ಬೆನ್ನು ಹತ್ತಿದ. ಪಾರುಪತ್ತೇಗಾರ ಬಣ್ಣದ ಮನೆ ದಾಟಿದ, ಸೇತುವೆ ದಾಟಿದ, ಗುಡ್ಡ ಹತ್ತಿದ. ಹೊಳೆ ಹುಟ್ಟುವ ಒರತೆಯಲ್ಲಿ ಬಟ್ಟೆ ಅದ್ದಿ, ಹಾಡಿಕೊಳ್ಳುತ್ತ ಇಳಿದ.

ಮರುಳಯ್ಯ ಓಡಿಬಂದು ಅರಸನಿಗೆ ಹೇಳಿದ. ಅರಸ ಮುಖ ಸಿಂಡರಿಸಿದ. "ನಿನಗೆ ಶಾಲು ಸಿಗಲಿಲ್ಲವೆಂದು ಹೊಟ್ಟೆಕಿಚ್ಚು."

ಒಳ್ಳೆಯ ಸುದ್ದಿ ತಿಂದು ತೇಗಿದವನಿಗೆ ನಿಜ ರುಚಿಸುವುದಿಲ್ಲ ಎಂದುಕೊಂಡು ಮರುಳಯ್ಯ ಹೊರಬಂದ. ಆದರೆ ಅರಸ ಆ ನೀರು ಕುಡಿದು ಮಲಗಿಬಿಟ್ಟರೆ? ಆ ಯೋಚನೆಯಲ್ಲಿ ಅವನಿಗೆ ಊಟ ಸೇರಲಿಲ್ಲ.

ಅದೇ ವಾರ ಅರಮನೆಯ ವೈದ್ಯರು ಅರಸನ ನಾಡಿ ಹಿಡಿದು, "ದಸರೆಯೊಳಗೆ ಪ್ರಭುಗಳ ಸೊಂಟ ಅರ್ಧವಾಗಬೇಕು" ಎಂದರು.

"ಅಳೆಯುವ ಕೆಲಸ ನನಗಿರಲಿ, ಪ್ರಭು" ಎಂದು ಮರುಳಯ್ಯ ಮುಂದೆ ಬಂದ.

ಅರಸ ಎಂದಿನಂತೆ ಹೋಳಿಗೆ ಮೇಲೆ ತುಪ್ಪ ಸುರಿದುಕೊಂಡು ತಿನ್ನುತ್ತಿದ್ದ. ಮರುಳಯ್ಯ ಆಗಾಗ ದಾರ ಹಿಡಿದು ಬರುತ್ತಿದ್ದ. ಮೊದಲ ಸಲ ಸೊಂಟಕ್ಕೇ ಸುತ್ತಿದ. ಎರಡನೆಯ ಸಲ ತೊಡೆಗೆ ಸುತ್ತಿ, "ಪ್ರಭು, ಎಷ್ಟು ಇಳಿದಿದೆ ನೋಡಿ" ಎಂದು ದಾರ ತೋರಿಸಿದ. ಹೊಟ್ಟೆಯ ಕೆಳಗೆ ಏನು ನಡೆಯುತ್ತಿದೆಯೆಂದು ಕಾಣುವ ಭಾಗ್ಯ ಅರಸನಿಗೆ ಎಂದೋ ತಪ್ಪಿತ್ತು.

ಮೂರನೆಯ ಸಲ ದಾರ ಮೊಣಕಾಲಿಗೆ ಬಂದಾಗ ಅರಸನಿಗೆ ಕಚಗುಳಿಯಾಯಿತು. "ಮರುಳಯ್ಯ, ಸೊಂಟ ಇನ್ನೂ ಮೇಲಲ್ಲವೇ?"

"ಕೊಬ್ಬು ಕರಗಿ ಕೆಳಗಿಳಿದಿದೆ, ಪ್ರಭು. ಬೆನ್ನಟ್ಟಿ ಅಳೆಯಬೇಡವೇ?"

ದಾರದ ಅಳತೆ ನೋಡಿ ಅರಸ ಎಲ್ಲ ಮರೆತ. ಅರ್ಧವಲ್ಲ, ಕಾಲು ಭಾಗಕ್ಕೆ ಇಳಿದಿತ್ತು. "ಇದೇ ಅಳತೆಗೆ ನನಗೊಂದು ಚಲ್ಲಣ ಹೊಲಿಸು. ದೂತನೆದುರು ಅದನ್ನು ತೊಟ್ಟೇ ನೀರು ಕುಡಿಯುತ್ತೇನೆ."

ದಸರೆಯ ಮುನ್ನಾದಿನ ಚಲ್ಲಣ ಬಂತು. ಅರಸ ತೆರೆಯ ಮರೆಗೆ ಹೋದ. ಸಭೆಯವರು ಕಾದರು. ಒಳಗಿನಿಂದ ಮೊದಲು ಏದುಸಿರು, ಆಮೇಲೆ ಧೊಪ್ಪೆಂಬ ಸದ್ದು. ತೆರೆಯೇ ಕಿತ್ತುಬಂತು. ಅರಸ ಉಟ್ಟ ಪಂಚೆಯ ಮೇಲೆಯೇ ಒಂದು ಮೊಣಕಾಲಿನಲ್ಲಿ ಚಲ್ಲಣ ಸಿಕ್ಕಿಸಿಕೊಂಡು ಕುಂಬಳಕಾಯಿಯಂತೆ ಉರುಳಿದ್ದ.

"ಇದನ್ನು ಅಳೆದವನ ತಲೆ ತೆಗೆಯಿರಿ" ಎಂದು ಬಿದ್ದಲ್ಲಿಂದಲೇ ಗುಡುಗಿದ.

ಮರುಳಯ್ಯ ಕೈಮುಗಿದ. "ಅಳತೆ ಸರಿಯಾಗಿದೆ, ಪ್ರಭು. ಅಳೆದ ಕಡೆ ಚಲ್ಲಣ ಎಷ್ಟು ಚೆನ್ನಾಗಿ ಕೂತಿದೆ ನೋಡಿ."

"ಮೂರ್ಖ, ಸೊಂಟದ ಅಳತೆಯನ್ನು ಮೊಣಕಾಲಿನಲ್ಲಿ ಯಾರಾದರೂ ತೆಗೆಯುತ್ತಾರೆಯೇ?"

"ತೆಗೆಯಬಾರದೆಂದು ನನಗೇನು ಗೊತ್ತು? ಬಣ್ಣದ ಮನೆಯ ಕೆಳಗಿನ ನೀರನ್ನು ಗುಡ್ಡದ ಒರತೆಯಲ್ಲಿ ಅಳೆದವರಿಗೆ ಶಾಲು ಹೊದಿಸಿದ್ದಿರಿ. ನಾನೂ ಒಂದು ಶಾಲಿನ ಆಸೆಗೆ ದಾರ ಸರಿಸಿದೆ."

ಅರಸ ಎದ್ದು ಕೂತು ಅಡಿವೆಪ್ಪನನ್ನು ನೋಡಿದ. "ಬಣ್ಣದ ಮನೆಯ ಕೆಳಗಿನ ನೀರು ಒಂದು ತಂಬಿಗೆ ತನ್ನಿ. ಇವನು ಕುಡಿಯಲಿ."

ತಂಬಿಗೆ ಬಂತು. ಅಡಿವೆಪ್ಪ ಅದರೊಳಗೆ ಇಣುಕಿ ಮೆಲ್ಲಗೆ ಅತ್ತ ಸರಿಸಿದ. "ಪ್ರಭು, ಇವತ್ತು ನನಗೆ ನಿರ್ಜಲ ಉಪವಾಸ."

"ಯಾವ ವ್ರತವಯ್ಯ?"

"ಈಗ ತಾನೇ ಹಿಡಿದೆ, ಪ್ರಭು."

ಅರಸನಿಗೆ ಸಿಟ್ಟಿನ ನಡುವೆಯೂ ನಗು ಬಂತು. ಶಾಲುಗಳನ್ನೆಲ್ಲ ಕಸಿದು, ಬಣ್ಣದ ನೀರು ಹೊಳೆಗೆ ಬೀಳದಂತೆ ಇಂಗುಗುಂಡಿ ತೋಡಲು ಅಡಿವೆಪ್ಪನ ಕೈಗೆ ಗುದ್ದಲಿ ಕೊಡಿಸಿದ. ಮರುದಿನ ದೂತನಿಗೆ, "ಹೊಳೆ ಇನ್ನೂ ಕೆಂಪಾಗಿಯೇ ಇದೆ, ನಾನು ಮೋಸಹೋದೆ. ಇನ್ನೊಂದು ವರ್ಷ ಕೊಡಿ" ಎಂದು ನಾಚಿಕೊಂಡೇ ಹೇಳಿದ. ನೀರು ಕುಡಿಸಿ ಜಗಳ ತರುವುದಕ್ಕಿಂತ ಇದೇ ಮೇಲೆಂದು ದೂತ ಒಪ್ಪಿದ.

ಆಮೇಲೆ ಅರಸ ಮರುಳಯ್ಯನನ್ನು ಕರೆದು ಹೊಸ ಶಾಲೊಂದನ್ನು ಹೊದಿಸಿದ. "ಬಣ್ಣದ ಮನೆಯ ಕೆಳಗೆ ಒಂದು ಕಲ್ಲು ನೆಡಿಸಿದ್ದೇನೆ. ಇನ್ನು ಹೊಳೆಯನ್ನು ಅಲ್ಲೇ ಅಳೆಯಬೇಕು, ಯಾರೂ ಕಲ್ಲು ಸರಿಸುವಂತಿಲ್ಲ. ಸರಿ, ನನ್ನ ಸೊಂಟಕ್ಕೆ ಎಲ್ಲಿ ಕಲ್ಲು ನೆಡುವುದು?"

"ಅದಕ್ಕೆ ಬೇರೆ ಕಲ್ಲು ಬೇಡ, ಪ್ರಭು. ಅಲ್ಲಿ ದೇವರೇ ಹೊಕ್ಕುಳು ನೆಟ್ಟು ಕಳಿಸಿದ್ದಾನೆ."

ಅರಸ ನಕ್ಕ ನಗೆಗೆ ದೇವರು ನೆಟ್ಟ ಗುರುತೂ ಬಹಳ ಹೊತ್ತು ಅಲುಗಾಡಿತಂತೆ.