ಚಿತ್ರದ ಮೇಲೆ ಅಂಟಿಸಿದ ಕಾಗದ

ಮಾರ್ಚ್ ಹದಿನಾಲ್ಕು, ಗುರುವಾರ. ಬೆಳಗಿನಿಂದ ಮೋಡ, ಮಳೆ ಇಲ್ಲ.

"ಪಾಕ್, ಭಾಷೆಯ ತರಗತಿಯಲ್ಲಿ ಚಿತ್ರ ನೋಡುವುದನ್ನು ಯಾಕೆ ಕಲಿಸಬೇಕು?" ಎಂದು ಲಾಸ್ಮಿ ಕೇಳಿದಳು. ಇಂಡೋನೇಷ್ಯನ್ ಭಾಷೆಯ ಪಾಠ ಹೇಳುವುದನ್ನು ಕಲಿಯಲು ಅವಳು ಜಾವಾದ ಒಂದು ಶಾಲೆಗೆ ಬಂದಿದ್ದಳು. ಮೇಷ್ಟ್ರನ್ನು ಅಲ್ಲಿ ಪಾಕ್ ಎನ್ನುತ್ತಾರೆ. "ನೋಡೋದೂ ಒಂದು ವಿದ್ಯೆಯೇ? ಕೋಳಿಯೂ ನೋಡುತ್ತೆ."

ಪಾಕ್ ಡರ್ಮಾಜಿ ನಗಲಿಲ್ಲ. ಅವಳು ಪಠ್ಯಪುಸ್ತಕದ ಚಿತ್ರಗಳ ಮೇಲೆ ಕಾಗದ ಅಂಟಿಸುತ್ತಿದ್ದಳು. ಚಿತ್ರ ಕಂಡರೆ ಮಕ್ಕಳು ಊಹಿಸುತ್ತಾರೆ, ಓದುವುದಿಲ್ಲ ಎಂಬುದು ಅವಳ ದೂರು. ಅವರು ಅಂಟಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಬೆಂಕಿಬೆಟ್ಟದ ಬುಡದ ಊರಿನಲ್ಲಿ ಒಬ್ಬ ಮೇಷ್ಟ್ರಿದ್ದ. ಅವನೂ ಹೀಗೇ ಕಾಗದ ಅಂಟಿಸುತ್ತಿದ್ದ. ಚಿತ್ರ ನೋಡಿ ಅರ್ಥ ಹೇಳಿದ ಮಗುವನ್ನು ಎದ್ದು ನಿಲ್ಲಿಸಿ, "ಕದ್ದೆ" ಎನ್ನುತ್ತಿದ್ದ. ವರ್ಷ ಕಳೆಯುವುದರಲ್ಲಿ ಮಕ್ಕಳು ಚಿತ್ರದ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟರು. ಓದು ಮಾತ್ರ ನೀರು ಕುಡಿದಷ್ಟು ಸಲೀಸಾಯಿತು.

ಆಚೆ ಊರಿನಲ್ಲಿ ಓದುವ ಸ್ಪರ್ಧೆ ಏರ್ಪಾಡಾಯಿತು. ಮೇಷ್ಟ್ರು ನಾಲ್ವರನ್ನು ಆರಿಸಿ ಕಳಿಸಿದ. ಮಕ್ಕಳಿಗೆ ಹೊಸ ದಾರಿ. ನಡುವೆ ಬತ್ತಿದ ಹೊಳೆ. ಅವರು ಹೊಳೆಯ ಹತ್ತಿರ ಬಂದಾಗ ಸೈರನ್ ಕೂಗಿತು. ಬೆಟ್ಟದ ತುದಿಯಲ್ಲಿ ಮಳೆ ಬಿದ್ದು, ಬೂದಿಯ ಕೆಸರು ಬಂಡೆಗಳನ್ನು ಉರುಳಿಸಿಕೊಂಡು ಹೊಳೆಗುಂಟ ಇಳಿಯುತ್ತಿತ್ತು. ದಾರಿ ಎರಡಾಗುವಲ್ಲಿ ಎಚ್ಚರಿಕೆಯ ಹಲಗೆಯೊಂದಿತ್ತು. ಅದರ ಅಕ್ಷರಗಳು ಮುಕ್ಕಾಲು ಪಾಲು ಅಳಿಸಿಹೋಗಿದ್ದವು. ಚಿತ್ರ ಉಳಿದಿತ್ತು: ಉರುಳುವ ಬಂಡೆ, ಓಡುವ ಮನುಷ್ಯ, ಎಡಗಡೆಯ ದಿಬ್ಬಕ್ಕೆ ಬಾಣ.

ಬಾಳೆಹಣ್ಣು ಮಾರಲು ಬಂದಿದ್ದ ಪರ ಊರಿನ ಮುದುಕಿಗೆ ಅಕ್ಷರ ಬಾರದು. ಹಲಗೆ ನೋಡಿದವಳೇ ಬುಟ್ಟಿ ಎಸೆದು ದಿಬ್ಬ ಹತ್ತಿದಳು.

"ಬನ್ರೋ! ಆ ಮನುಷ್ಯ ಓಡ್ತಿರೋದು ಕಾಣಲ್ವಾ?"

"ತಡಿ ಅಜ್ಜಿ, ಚಿತ್ರ ನೋಡಿ ಹೇಳೋದು ಕಳ್ಳತನ. ಓದಿಬಿಡ್ತೀವಿ."

ಒಬ್ಬ ಹುಡುಗಿ ಅಳಿದ ಅಕ್ಷರಗಳ ಕೆಳಗೆ ಬೆರಳಿಟ್ಟು ಒಂದೊಂದನ್ನೇ ಕೂಡಿಸುತ್ತಿದ್ದಳು. ಅವಳು ಮುಗಿಸಲಿ ಎಂದು ಉಳಿದ ಮೂವರು ಕಾದು ನಿಂತರು. ದಿಬ್ಬದ ಮೇಲಿಂದ ಮುದುಕಿ ಕಂಡದ್ದು ಇಷ್ಟೇ. ಆಮೇಲೆ ಹಲಗೆಯೂ ಇರಲಿಲ್ಲ.

ಲಾಸ್ಮಿ ಅಂಟು ಮೆತ್ತಿದ ಬೆರಳುಗಳನ್ನು ಉಡುಪಿಗೆ ಒರೆಸಿಕೊಂಡಳು. "ಆ ಮೇಷ್ಟ್ರು ಮತ್ತೆ ಪಾಠ ಮಾಡಿದರೇ?" ಎಂದಳು.

"ಮಾಡುತ್ತಿದ್ದೇನೆ, ಲಾಸ್ಮಿ. ಬೆರಳಿಟ್ಟು ಓದುತ್ತಿದ್ದವಳು ನನ್ನ ಮಗಳು."