ಬಲಗಡೆಯ ಗುಂಡಿ

ಕಡಲ ದಂಡೆಯ ಪೇಟೆಯೊಂದರಲ್ಲಿ ವಾಮನ ಎಂಬ ಟಿವಿ ರಿಪೇರಿಯವನಿದ್ದ. ಅವನ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ ಪಾಂಡುರಂಗ ಶೇಟ್ ಎಂಬ ಅಕ್ಕಸಾಲಿಗನಿದ್ದ. ಮೂಗುತಿಗೆ ಹರಳು ಕೂರಿಸುವುದರಲ್ಲಿ ಪಾಂಡುವಿನ ಕೈ ಸುತ್ತಲಿನ ಹತ್ತೂರಿಗೆ ಗೊತ್ತಿತ್ತು. ಎಳ್ಳಿನಷ್ಟು ಹರಳನ್ನು ಚಿಮಟದಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಕೂರಿಸಿದನೆಂದರೆ ಮುಗಿಯಿತು. ಮದುಮಗಳು ಅಜ್ಜಿಯಾದರೂ ಆ ಹರಳು ಅಲ್ಲಾಡುತ್ತಿರಲಿಲ್ಲ.

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಓದಿದ್ದು ಕಡಿಮೆ, ಬಸ್ ಸ್ಟ್ಯಾಂಡಿನ ಹಿಂದಿದ್ದ ವಿಡಿಯೋ ಗೇಮ್ ಅಂಗಡಿಯಲ್ಲಿ ಕಳೆದದ್ದೇ ಹೆಚ್ಚು. ಅಲ್ಲಿ ಕೋಲು ಅಲ್ಲಾಡಿಸಿ, ಗುಂಡಿ ಒತ್ತಿ ಆಡುವ ಇಬ್ಬರು ಪೈಲ್ವಾನರ ಕುಸ್ತಿಯ ಆಟವೊಂದಿತ್ತು. ಪಾಂಡು ಯಾವಾಗಲೂ ಗೆಲ್ಲುತ್ತಿದ್ದ. ವಾಮನ ಯಾವಾಗಲೂ, “ನನ್ನ ಕಡೆಯ ಕೋಲು ಸರಿ ಇಲ್ಲ,” ಎನ್ನುತ್ತಿದ್ದ.

ಆ ಗೇಮ್ ಅಂಗಡಿ ಮುಚ್ಚಿತು. ಇಬ್ಬರಿಗೂ ಮದುವೆಯಾಯಿತು, ತಲೆ ನರೆಯಿತು. ಐವತ್ತು ತುಂಬಿದ ವರ್ಷ ವಾಮನನಿಗೆ ಅದೇನು ಹುಕಿ ಬಂತೋ, ಅಂಥದ್ದೇ ಒಂದು ಯಂತ್ರವನ್ನು ತಾನೇ ಕಟ್ಟುತ್ತೇನೆಂದು ಹೊರಟ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದು, ಇಬ್ಬರು ಅಕ್ಕಪಕ್ಕ ಕೂತು ಆಡುವಷ್ಟು ದೊಡ್ಡದು.

ಮೊದಲು ರಟ್ಟಿನ ಮೇಲೆ ಆಕಾರ ಬರೆದುಕೊಂಡ. ಪ್ಲೈವುಡ್ಡಿನ ಎರಡು ಪಕ್ಕೆಗಳನ್ನು ಒಟ್ಟಿಗೆ ಬಿಗಿದು ಕೊಯ್ದ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದೆಂದು. ಅಂಚುಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಕೆನ್ನೆಯಷ್ಟು ನುಣುಪು ಮಾಡಿದ. ಹಳೆಯ ಕಂಪ್ಯೂಟರೊಂದರ ಪರದೆ, ಸತ್ತ ಟಿವಿಯ ಸ್ಪೀಕರು, ಒಳಗೆ ಅಂಗೈಯಗಲದ ಒಂದು ಬೋರ್ಡು. ಮುಂದಿನ ಇಳಿಜಾರು ಹಲಗೆಯಲ್ಲಿ ತೂತು ಕೊರೆದು ಎಡಕ್ಕೊಂದು ಕೋಲು, ಮೂರು ಗುಂಡಿ. ಬಲಕ್ಕೊಂದು ಕೋಲು, ಮೂರು ಗುಂಡಿ. ಪ್ರತಿ ಗುಂಡಿಯ ಕೆಳಗೆ ಒಂದು ಸ್ಪ್ರಿಂಗು, ಒಂದು ಪುಟ್ಟ ಸ್ವಿಚ್ಚು. ಆರೂ ಗುಂಡಿಗಳು ಒಂದೇ ಥರ ‘ಟಿಕ್’ ಅನ್ನಬೇಕೆಂದು ಕಿವಿಯಿಟ್ಟು ಕೇಳಿ ಕೇಳಿ ಕೂರಿಸಿದ. ಅಷ್ಟರಮಟ್ಟಿಗೆ ಅವನ ಕೆಲಸ ಪ್ರಾಮಾಣಿಕವಾಗಿತ್ತು.

“ಮನೆಯ ಮಿಕ್ಸಿ ಕೆಟ್ಟು ಮೂರು ತಿಂಗಳಾಯ್ತು,” ಎಂದಳು ಹೆಂಡತಿ ಮುಕ್ತಾ. “ನಾನು ಒರಳಲ್ಲಿ ರುಬ್ಬುತ್ತಾ ಇದ್ದೇನೆ. ನೀವು ಪೈಲ್ವಾನರಿಗೆ ಅರಮನೆ ಕಟ್ಟುತ್ತಾ ಇದ್ದೀರಿ.”

“ಇದು ಮುಗೀಲಿ, ನಿಂದೇ ಮುಂದಿನ ಪಾಳಿ,” ಎಂದ ವಾಮನ.

ಯಂತ್ರ ಮುಗಿದ ಸಂಜೆ ಪಾಂಡುವನ್ನು ತನ್ನ ಅಂಗಡಿಗೆ ಕರೆದ. ಅಕ್ಕಪಕ್ಕದ ಅಂಗಡಿಯವರೂ ಬಂದು ನಿಂತರು. ವಾಮನ ಎಡಕ್ಕೆ ಕೂತ, ಪಾಂಡು ಬಲಕ್ಕೆ. ಮೂವತ್ತೈದು ವರ್ಷ ಕೋಲು ಮುಟ್ಟದವನು ಹತ್ತು ಆಟದಲ್ಲಿ ಒಂಬತ್ತು ಗೆದ್ದ.

“ಎಂತ ಮಾರಾಯ,” ಪಾಂಡು ಹೊಟ್ಟೆ ಹಿಡಿದುಕೊಂಡು ನಕ್ಕ, “ಸೋಲಲಿಕ್ಕೆ ಇಷ್ಟು ಕಷ್ಟಪಟ್ಟು ಪೆಟ್ಟಿಗೆ ಕಟ್ಟಬೇಕಿತ್ತಾ? ಹಾಗೇ ಕೇಳಿದ್ದರೆ ಪುಕ್ಕಟೆ ಸೋಲಿಸಿ ಕಳಿಸ್ತಿದ್ದೆ!”

ನಿಂತವರೆಲ್ಲ ನಕ್ಕರು. ವಾಮನನೂ ನಕ್ಕ. ಸೋತ ಗಂಡಸಿನ ನಗು ಯಾವ ದೇಶಕ್ಕೆ ಹೋದರೂ ಒಂದೇ ಥರ ಇರುತ್ತದೆ. ತುಟಿ ಮಾತ್ರ ನಗುತ್ತಿರುತ್ತದೆ. ಈ ಸಲ ಕೋಲು ಸರಿಯಿಲ್ಲ ಎನ್ನುವಂತೆಯೂ ಇರಲಿಲ್ಲ. ಕೋಲು ಕೂರಿಸಿದವನು ಅವನೇ.

ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ವಾಮನ ಯಂತ್ರದ ಹಿಂಬಾಗಿಲು ತೆರೆದ. ಬಲಗಡೆಯ ಹೊಡೆತದ ಗುಂಡಿಯನ್ನು ಬಿಚ್ಚಿದ. ಗಟ್ಟಿಯಾದ ಬೇರೊಂದು ಸ್ಪ್ರಿಂಗು ಹಾಕಿದ. ಸ್ವಿಚ್ಚನ್ನೂ ಬದಲಿಸಿ, ಪೂರ್ತಿ ತಳಕ್ಕೆ ಒತ್ತಿದರೆ ಮಾತ್ರ ಕಚ್ಚುವ ಒಂದು ಹಳೆಯ ಸ್ವಿಚ್ಚು ಇಟ್ಟ. ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟೂ ಇರಲಿಲ್ಲ. ಬೆರಳು ಒತ್ತಿದ್ದಕ್ಕೂ ಪೈಲ್ವಾನ ಕೈ ಎತ್ತಿದ್ದಕ್ಕೂ ನಡುವೆ ಒಂದು ಎಳೆಯಷ್ಟು ತಡ. ಕುಸ್ತಿಯಲ್ಲಿ ಅಷ್ಟು ಸಾಕು.

‘ಯಾವಾಗಾದರೊಮ್ಮೆ ನಾನೂ ಗೆಲ್ಲಲಿ ಅಂತ ಅಷ್ಟೇ,’ ಎಂದು ತನಗೆ ತಾನೇ ಹೇಳಿಕೊಂಡ.

ಅಂಗಡಿ ಒರೆಸಲು ಬಂದ ಮುಕ್ತಾ ಆ ಗುಂಡಿ ಒತ್ತಿ ನೋಡಿ, “ಇದೊಂದು ಯಾಕೋ ಗಟ್ಟಿ ಇದೆಯಲ್ಲ?” ಎಂದಳು.

“ಹೊಸತು. ಪಳಗಬೇಕು,” ಎಂದ ವಾಮನ, ಅವಳ ಮುಖ ನೋಡದೆ.

ಆ ಸಂಜೆ ಪಾಂಡು ಸೋತ. ಮರುಸಂಜೆಯೂ ಸೋತ. ಮೊದಲ ವಾರ ನಗುತ್ತಲೇ ಸೋತ. “ಬಲಗಡೆ ಸಾಕಾಯ್ತು, ಇವತ್ತು ನಾನು ಎಡಕ್ಕೆ ಕೂರ್ತೇನೆ,” ಎಂದು ಒಮ್ಮೆ ಕೇಳಿದ.

“ಎಡಗಡೆ ಮನೆಯವನದ್ದು, ಬಲಗಡೆ ಬಂದವನದ್ದು,” ಎಂದ ವಾಮನ. “ನಮ್ಮ ಅಂಗಡಿಯ ನಿಯಮ.” ನಿಯಮ ಹುಟ್ಟಿ ಅರೆ ನಿಮಿಷವೂ ಆಗಿರಲಿಲ್ಲ.

ಎರಡನೆಯ ವಾರ ಪಾಂಡು ಆಟದ ನಡುವೆ ನಿಲ್ಲಿಸಿ ತನ್ನ ಬೆರಳುಗಳನ್ನು ನೋಡಿಕೊಂಡ.

“ವಾಮನ, ಕಣ್ಣು ಸರಿಯಾಗಿ ನೋಡ್ತದೆ. ಹೊಡಿ ಅಂತ ಮನಸ್ಸೂ ಹೇಳ್ತದೆ. ಕೈ ಮಾತ್ರ ತಡ ಮಾಡ್ತದೆ. ಎಂತಕ್ಕೆ ಹೀಗೆ?”

ಅವನು ಯಾಕೆ ಕೇಳುತ್ತಿದ್ದಾನೆಂದು ವಾಮನನಿಗೆ ಗೊತ್ತಿತ್ತು. ಪಾಂಡುವಿನ ಅಪ್ಪನೂ ಹರಳು ಕೂರಿಸುವವನೇ. ಐವತ್ತೆರಡಕ್ಕೆ ಕೈ ನಡುಕ ಬಂದು, ಕೊನೆಯ ಹತ್ತು ವರ್ಷ ಚಹಾದ ಲೋಟವನ್ನೂ ಇನ್ನೊಬ್ಬರು ಹಿಡಿಯಬೇಕಾಗಿತ್ತು. ಆ ಲೋಟ ಹಿಡಿದವನು ಪಾಂಡು.

ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಎರಡು ಬೈಗುಳ ತಿಂದು ಒಂದು ಚಹಾ ಕುಡಿಸಿ ಮುಗಿಯುತ್ತಿತ್ತು. ವಾಮನ ಬಾಯಿ ತೆರೆದದ್ದೂ ನಿಜ. ಆದರೆ ಅಂದು ಅವನು ಏಳು ಆಟ ಗೆದ್ದಿದ್ದ, ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು.

“ವಯಸ್ಸಾಯ್ತಲ್ಲ ಮಾರಾಯ,” ಎಂದ. “ನೀನೇನು ಇನ್ನೂ ಹೈಸ್ಕೂಲು ಹುಡುಗನಾ?”

ನಿಂತವರು ನಕ್ಕರು. ಪಾಂಡು ನಗಲಿಲ್ಲ.

ಅಲ್ಲಿಂದ ಪಾಂಡುವಿನ ಕೈ ಅವನ ಅಂಗಡಿಯಲ್ಲೂ ತಡ ಮಾಡತೊಡಗಿತು. ಯಂತ್ರದಲ್ಲಿ ಸ್ಪ್ರಿಂಗು ಇತ್ತು. ಚಿಮಟದಲ್ಲಿ ಯಾವ ಸ್ಪ್ರಿಂಗು? ಆದರೂ ಹರಳು ಎತ್ತುವ ಮೊದಲು ಒಂದು ಸಲ ಬೆರಳು ನೋಡಿಕೊಳ್ಳುವುದು ರೂಢಿಯಾಯಿತು. ನೋಡಿಕೊಂಡ ಬೆರಳು ಅಳುಕಿತು. ಅಳುಕಿದ ಬೆರಳಿನಿಂದ ಒಂದು ದಿನ ಹರಳು ಜಾರಿ ನೆಲಕ್ಕೆ ಬಿತ್ತು. ಅವನೂ ಅವನ ಹೆಂಡತಿಯೂ ಮಧ್ಯಾಹ್ನವಿಡೀ ಮೊಣಕಾಲೂರಿ ಹುಡುಕಿದರು. ಹರಳೇನೋ ಸಿಕ್ಕಿತು. ಪಾಂಡು ಅದನ್ನು ಗಿರಾಕಿಯ ಕೈಗೆ ಹಾಗೇ ವಾಪಸು ಕೊಟ್ಟು, “ಬೇರೆ ಕಡೆ ಕೂರಿಸಿಕೊಳ್ಳಿ ಅಮ್ಮ,” ಎಂದ.

ಎರಡು ತಿಂಗಳ ನಂತರ ಅವನು ವಾಮನನ ಅಂಗಡಿಗೆ ಬಂದ. ಆಡಲು ಕೂರಲಿಲ್ಲ.

“ಚಿಮಟ, ಉಳಿ, ಭೂತಗನ್ನಡಿ ಎಲ್ಲಾ ನಮ್ಮ ಭಾವನ ಮಗನಿಗೆ ಕೊಟ್ಟೆ. ದೊಡ್ಡ ಆಭರಣದ ಮಳಿಗೆ ಬಂದಿದೆಯಲ್ಲ, ಅಲ್ಲಿ ಗಿರಾಕಿಗಳಿಗೆ ಒಡವೆ ಪೆಟ್ಟಿಗೆ ತೆರೆದು ತೋರಿಸುವ ಕೆಲಸ ಸಿಕ್ಕಿದೆ. ಅಪ್ಪನ ಹಾಗೆ ನಾಲ್ಕು ಜನರೆದುರು ಕೈ ನಡುಗಿ ಮರ್ಯಾದೆ ಕಳಕೊಳ್ಳೋದಕ್ಕಿಂತ ಮೊದಲೇ ಎದ್ದು ಬರೋದು ಲೇಸು. ನಿನ್ನ ಯಂತ್ರದಿಂದ ಉಪಕಾರವೇ ಆಯ್ತು ವಾಮನ. ಇಲ್ಲದಿದ್ದರೆ ಗೊತ್ತೇ ಆಗ್ತಿರಲಿಲ್ಲ.”

ಉಪಕಾರ!

ಆಗಲೂ ಅವನು ಹೇಳಲಿಲ್ಲ. ಅದಕ್ಕಿಂತ ಸುಲಭದ ದಾರಿಯೊಂದು ಕಂಡಿತು. ಪಾಂಡು ಹೋದದ್ದೇ ತಡ, ಯಂತ್ರ ತೆರೆದು ಬಲಗಡೆಗೆ ಹೊಸ ಸ್ಪ್ರಿಂಗು, ಹೊಸ ಸ್ವಿಚ್ಚು ಹಾಕಿದ. ಹಳೆಯವನ್ನು ಹಳ್ಳಕ್ಕೆ ಎಸೆದು ಬಂದ. ‘ನಾಲ್ಕು ಆಟ ಗೆಲ್ಲಲಿ, ಧೈರ್ಯ ತಾನಾಗಿ ಬರ್ತದೆ, ಚಿಮಟ ವಾಪಸು ಇಸಕೊಳ್ತಾನೆ. ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ.’ ಕಳ್ಳತನ ಮಾಡಿದ್ದನ್ನು ಕಳ್ಳತನದಿಂದಲೇ ಹಿಂದಿರುಗಿಸಬಹುದು ಎಂದುಕೊಂಡಿದ್ದ.

ಭಾನುವಾರ ಪಾಂಡುವನ್ನು ಒತ್ತಾಯ ಮಾಡಿ ಮನೆಗೆ ಊಟಕ್ಕೆ ಕರೆದ. ಯಂತ್ರವನ್ನೂ ಹೊತ್ತು ತಂದಿದ್ದ. ಊಟವಾದ ಮೇಲೆ ಇಬ್ಬರೂ ಕೂತರು. ಎಡಕ್ಕೆ ವಾಮನ, ಬಲಕ್ಕೆ ಪಾಂಡು.

ಪಾಂಡು ಸೋತ.

ಗುಂಡಿ ಬೆಣ್ಣೆಯ ಹಾಗಿತ್ತು, ಮುಟ್ಟಿದರೆ ಸಾಕು ಕಚ್ಚುತ್ತಿತ್ತು. ಆದರೆ ಪಾಂಡು ಪರದೆಯನ್ನು ನೋಡುತ್ತಲೇ ಇರಲಿಲ್ಲ. ತನ್ನ ಬೆರಳನ್ನೇ ನೋಡುತ್ತಿದ್ದ. ಒತ್ತುವ ಮೊದಲು ಒಂದು ಕ್ಷಣ ಅನುಮಾನಿಸಿ, ಆಮೇಲೆ ಒತ್ತುತ್ತಿದ್ದ. ವಾಮನ ಹಳೆಯ ಸ್ಪ್ರಿಂಗಿನಲ್ಲಿ ಇಟ್ಟಿದ್ದ ಆ ಒಂದು ಎಳೆಯಷ್ಟು ತಡ ಈಗ ಪಾಂಡುವಿನ ಬೆರಳಲ್ಲೇ ಇತ್ತು.

ಎರಡನೆಯ ಆಟದಲ್ಲಿ ವಾಮನ ಬೇಕೆಂದೇ ಸುಮ್ಮನೆ ಕೂತ. ಪಾಂಡು ಕೋಲು ಬಿಟ್ಟ.

“ಬಿಟ್ಟುಕೊಡ್ತಾ ಇದ್ದೀಯಾ? ನಾನೇನು ನಿನ್ನ ಮೊಮ್ಮಗನಾ?”

ಆಗ ವಾಮನ ಎಲ್ಲವನ್ನೂ ಹೇಳಿದ. ಸ್ಪ್ರಿಂಗು, ಸ್ವಿಚ್ಚು, ಬಂದವನ ಬಲಗಡೆ, ಎಲ್ಲ. “ನಿನ್ನ ಕೈಗೆ ಏನೂ ಆಗಿರಲಿಲ್ಲ ಪಾಂಡು. ದೇವರಾಣೆ ಏನೂ ಆಗಿರಲಿಲ್ಲ.”

ಪಾಂಡು ಯಂತ್ರದ ಹಿಂಬದಿಯನ್ನು ಅವನ ಕಡೆಗೆ ತಿರುಗಿಸಿದ. “ತೆಗೆದು ತೋರಿಸು.”

ವಾಮನ ಹಿಂಬಾಗಿಲು ತೆರೆದ. ಆರು ಗುಂಡಿ, ಆರು ಸ್ಪ್ರಿಂಗು, ಆರು ಸ್ವಿಚ್ಚು. ಎಲ್ಲವೂ ಒಂದೇ ಥರ.

“ಹಳೇದು?”

“ಹಳ್ಳಕ್ಕೆ ಎಸೆದೆ.”

“ಈಗ ಎರಡೂ ಕಡೆ ಒಳ್ಳೇದೇ ಇದೆ ತಾನೇ?” ಪಾಂಡು ಮೆಲ್ಲಗೆ ಕೇಳಿದ. “ಒಳ್ಳೇದರಲ್ಲೂ ಸೋತೆನಲ್ಲ ಮಾರಾಯ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುಕ್ತಾ ಮುಂದೆ ಬಂದಳು. “ಇವರು ಹೇಳ್ತಿರೋದು ನಿಜ ಪಾಂಡಣ್ಣ. ಆ ಗುಂಡಿ ಗಟ್ಟಿ ಇತ್ತು. ನಾನೇ ಒತ್ತಿ ನೋಡಿದ್ದೇನೆ.”

“ಅಯ್ಯೋ ಅತ್ತಿಗೆ,” ಪಾಂಡು ನಕ್ಕುಬಿಟ್ಟ, “ಇಬ್ಬರೂ ಕೂತು ಮಾತಾಡಿಕೊಂಡೇ ನನ್ನನ್ನು ಊಟಕ್ಕೆ ಕರೆದಿರಾ?”

ಅವನು ಎದ್ದು ವಾಮನನ ಹೆಗಲ ಮೇಲೆ ಕೈಯಿಟ್ಟ. ಕೈ ಸಣ್ಣಗೆ ನಡುಗುತ್ತಿತ್ತು. ಅದು ಅಪ್ಪನಿಂದ ಬಂದ ನಡುಕವೋ ಗೆಳೆಯನಿಂದ ಬಂದದ್ದೋ, ಇನ್ನು ಯಾವ ವೈದ್ಯನೂ ಹೇಳುವಂತಿರಲಿಲ್ಲ.

“ನೀನು ದೊಡ್ಡ ಮನಸ್ಸಿನವ ವಾಮನ. ನನ್ನ ಸಮಾಧಾನಕ್ಕೆ ನಿನ್ನ ಮೇಲೇ ಮೋಸ ಹೊರಿಸಿಕೊಳ್ತಾ ಇದ್ದೀಯಾ. ಇಷ್ಟು ಯಾರು ಮಾಡ್ತಾರೆ?”

ಪಾಂಡು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಳಿಗೆಗೆ ಬಂದ ಗಿರಾಕಿಗಳಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಮದುವೆಯ ಪಂಕ್ತಿಯಲ್ಲಿ ಸಿಕ್ಕವರಿಗೆ, ಗೆಳೆಯ ಅಂದರೆ ಹೀಗಿರಬೇಕು ಎಂದು ಆ ಕಥೆ ಹೇಳುತ್ತ ಹೋದ. ಪೇಟೆಯವರು ವಾಮನನ ಅಂಗಡಿಗೆ ಬಂದು, “ನಿಮ್ಮಂಥವರು ಅಪರೂಪ,” ಎಂದು ಕೈಮುಗಿದರು. ಅಲ್ಲ, ಆ ಮೋಸ ನಿಜವಾಗಿಯೂ ನಡೆದದ್ದು ಎಂದು ವಾಮನ ಹೇಳಿದಷ್ಟೂ ಅವರ ಕಣ್ಣಲ್ಲಿ ಅವನು ಇನ್ನಷ್ಟು ದೊಡ್ಡವನಾದ. ಕೊನೆಗೆ ಹೇಳುವುದನ್ನು ಬಿಟ್ಟ. ಯಾರಾದರೂ ಹೊಗಳಿದರೆ ತಲೆ ತಗ್ಗಿಸಿ ಬೆಸುಗೆ ಕಡ್ಡಿ ಹಿಡಿಯುತ್ತಿದ್ದ. ಅದನ್ನೂ ಜನ ವಿನಯ ಎಂದರು.

ನೀತಿ: ಮಕ್ಕಳೇ, ದೊಡ್ಡವರೇ, ಸೋಲಲು ಬಾರದಿದ್ದರೆ ಆಟಕ್ಕೆ ಕೂರಬೇಡಿ. ಎದುರಿಗಿರುವವನ ಗುಂಡಿಯನ್ನು ಹಾಳು ಮಾಡಿದರೆ ಹತ್ತು ನಿಮಿಷದಲ್ಲಿ ಸರಿಮಾಡಬಹುದು. ಅವನಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯನ್ನು ಹಾಳು ಮಾಡಿದರೆ ಬಿಚ್ಚಿ ಸರಿಮಾಡುವ ಹಿಂಬಾಗಿಲು ಇರುವುದಿಲ್ಲ. ಮತ್ತೆ, ತಪ್ಪು ಒಪ್ಪಿಕೊಳ್ಳುವುದಿದ್ದರೆ ಬೈಸಿಕೊಳ್ಳುವ ಕಾಲದಲ್ಲೇ ಒಪ್ಪಿಕೊಳ್ಳಿ. ಆ ಕಾಲ ಮೀರಿದರೆ ಹೊಗಳಿಸಿಕೊಳ್ಳಬೇಕಾಗುತ್ತದೆ, ಅದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ.